ಪಕ್ಕದ ಪ್ಯಾನೆಲ್‌ಗೆ ಏನು ಹೇಳಬೇಕು: ಆಂಟೆನಾ ಆರಿಸುವುದರಲ್ಲೇ ಕಳೆದ ಎಂ.ಟೆಕ್

ಮೊಬೈಲ್ ಜಾಲದ 128 ಆಂಟೆನಾಗಳಲ್ಲಿ, ಆ ಹೊತ್ತಿಗೆ ಒಳ್ಳೆಯ 64ನ್ನು ಆರಿಸಬೇಕು. ಎಷ್ಟು ಬಗೆಯಲ್ಲಿ ಆರಿಸಬಹುದು? 24 ಬರೆದು ಅದರ ಮುಂದೆ 36 ಸೊನ್ನೆ ಹಾಕಿ, ಹೆಚ್ಚುಕಡಿಮೆ ಅಷ್ಟು. ಸೆಕೆಂಡಿಗೆ ನೂರು ಕೋಟಿಯಂತೆ ಪರೀಕ್ಷಿಸುತ್ತಾ ಹೋದರೂ ಈ ವಿಶ್ವದ ವಯಸ್ಸು ಸಾಲದು. ನನ್ನ ಎಂ.ಟೆಕ್ ಪ್ರಾಜೆಕ್ಟಿನ ಮೊದಲ ವರದಿ ಈ ಲೆಕ್ಕದಿಂದಲೇ ಶುರುವಾಗಿತ್ತು. ಗೈಡ್ ಸರ್ ಅಷ್ಟು ಓದಿ, "ಇದು ಎಲ್ಲಾರಿಗೂ ಗೊತ್ತೈತ್ರಿ, ಮುಂದಿಂದು ಹೇಳ್ರಿ" ಅಂದರು. ಮುಂದಿನದು ನನಗೂ ಆಗ ಗೊತ್ತಿರಲಿಲ್ಲ.

ಎಂ.ಟೆಕ್ ಸೇರುವ ಮುಂಚೆ ನಾನು ಮೊಬೈಲ್ ಟವರುಗಳ ಕೆಲಸದಲ್ಲಿದ್ದೆ. ಹೆಚ್ಚಾಗಿ ಡ್ರೈವ್ ಟೆಸ್ಟ್: ಕಾರಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್, ಅದಕ್ಕೆ ಕಟ್ಟಿದ ಫೋನುಗಳು, ಚಾವಣಿಯ ಮೇಲೆ ಜಿಪಿಎಸ್, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ರಸ್ತೆಗಳಲ್ಲಿ ಸಿಗ್ನಲ್ ಅಳೆಯುತ್ತಾ ಹೋಗುವುದು. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಶುರುವಾದ ಮೇಲೆ ಟವರಿಗೆ ಏರುವ ಪೆಟ್ಟಿಗೆಗಳೇ ಬದಲಾದವು. ಆಂಟೆನಾ ಬೇರೆ, ರೇಡಿಯೊ ಬೇರೆ ಇದ್ದ ಕಾಲ ಹೋಗಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಅದರ ಮೇಲೆ "64ಟಿ64ಆರ್" ಎಂದು ಬರೆದಿರುತ್ತಿತ್ತು, ಅಂದರೆ ಕಳಿಸಲು 64 ದಾರಿ, ಪಡೆಯಲು 64 ದಾರಿ. ಇದಕ್ಕೆ ಮ್ಯಾಸಿವ್ ಮೈಮೊ ಎಂದು ಹೆಸರು. ಬೆಂಗಳೂರು, ಕೋಲ್ಕತ್ತಗಳಲ್ಲಿ ಏರ್‌ಟೆಲ್ ಇದನ್ನು 4ಜಿ ಜಾಲದಲ್ಲಿ 2017ರಲ್ಲೇ ಹಾಕಿತ್ತು; ನಮ್ಮ ಕಡೆ ನಾನು ನೋಡಿದ್ದು 5ಜಿ ಜೊತೆಗೇ. ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ 2010ರಲ್ಲಿ ಬರೆದ ಪ್ರಬಂಧದಿಂದ ಈ ವಿಚಾರ ಬೆಳೆಯಿತು. ಬೇಸ್ ಸ್ಟೇಷನ್ನಿನ (ಟವರಿನ ಕಡೆಯ ರೇಡಿಯೊ ಕೇಂದ್ರದ) ಆಂಟೆನಾಗಳು ಫೋನುಗಳಿಗಿಂತ ಬಹಳ ಹೆಚ್ಚಿದ್ದರೆ, ಒಂದೇ ಸಮಯದಲ್ಲಿ, ಒಂದೇ ತರಂಗಾಂತರದಲ್ಲಿ ಹಲವು ಫೋನುಗಳಿಗೆ ಬೇರೆಬೇರೆಯಾಗಿ ಗುರಿಯಿಟ್ಟು ಕಳಿಸಬಹುದು ಎಂಬುದು ಅದರ ತಿರುಳು.

ಗುರಿ ಚೆನ್ನ, ಖರ್ಚು ಮಾತ್ರ ಕೆಟ್ಟದ್ದು. ಆಂಟೆನಾ ಎಂದರೆ ಲೋಹದ ಚೂರು, ಅಗ್ಗ. ಅದರ ಹಿಂದಿರುವ ಆಂಪ್ಲಿಫೈಯರ್, ಮಿಕ್ಸರ್, ಫಿಲ್ಟರ್, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಚಿಪ್, ಇವೆಲ್ಲ ಸೇರಿದ ಆರ್‌ಎಫ್ ಚೈನ್ ದುಬಾರಿ, ಕರೆಂಟನ್ನೂ ತಿನ್ನುತ್ತದೆ. ಅದಕ್ಕಿಂತ ನನ್ನನ್ನು ಕಾಡಿದ್ದು ತಂತಿಯ ಲೆಕ್ಕ. 20 ಮೆಗಾಹರ್ಟ್ಸ್ ಅಗಲದ ಎಲ್‌ಟಿಇ (4ಜಿ) ಸಂಕೇತಕ್ಕೆ ಸೆಕೆಂಡಿಗೆ 3.072 ಕೋಟಿ ಸ್ಯಾಂಪಲ್, ಅಂದರೆ ಅಳತೆ, ಬೇಕು. ಒಂದೊಂದು ಸ್ಯಾಂಪಲ್ಲಿಗೆ 32 ಬಿಟ್ ಹಿಡಿದರೆ ಒಂದು ಆಂಟೆನಾದಿಂದಲೇ ಸುಮಾರು 1 ಗಿಗಾಬಿಟ್. 128 ಆಂಟೆನಾಗಳಿಂದ ಸುಮಾರು 126 ಗಿಗಾಬಿಟ್, ಪ್ರತಿ ಸೆಕೆಂಡಿಗೆ, ಒಂದೇ ಕೋಣೆಯಲ್ಲಿರುವ ಒಂದೇ ಕಂಪ್ಯೂಟರಿಗೆ. ಟವರಿನ ಮೇಲಿಂದ ಕೆಳಗೆ ಫೈಬರ್ ಎಳೆದವರಿಗೆ ಆ ಅಂಕಿಯ ಅರ್ಥ ಬೇಗ ಆಗುತ್ತದೆ.

ಇದಕ್ಕೆ ಎರಡು ಮದ್ದು. ಒಂದು, ಎಲ್ಲ ಆಂಟೆನಾಗಳನ್ನೂ ಬಳಸದೆ ಆ ಹೊತ್ತಿಗೆ ಒಳ್ಳೆಯವನ್ನು ಮಾತ್ರ ಸ್ವಿಚ್ ಮೂಲಕ ಆರ್‌ಎಫ್ ಚೈನಿಗೆ ಜೋಡಿಸುವುದು. ಎರಡು, ಲೆಕ್ಕವನ್ನೆಲ್ಲ ಮಧ್ಯದಲ್ಲಿ ಮಾಡದೆ ಆಂಟೆನಾಗಳನ್ನು ಪ್ಯಾನೆಲ್‌ಗಳಾಗಿ ಒಡೆದು, ಪ್ರತಿ ಪ್ಯಾನೆಲ್ಲಿನ ಪಕ್ಕದಲ್ಲೇ ಒಂದು ಚಿಪ್ ಕೂರಿಸಿ ಅಲ್ಲೇ ಮಾಡುವುದು. ಈ ಎರಡನೆಯದರ ಬಗ್ಗೆ ಅಮೆರಿಕದ ರೈಸ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಬರೆದದ್ದನ್ನು ಸರ್ ಓದಲು ಕೊಟ್ಟಿದ್ದರು. ಎರಡು ಮದ್ದನ್ನೂ ಕೂಡಿಸುವುದು ನನ್ನ ಪಾಲಿಗೆ ಬಂತು: ಆಯ್ಕೆಯೂ ಬೇಕು, ಆ ಆಯ್ಕೆಯನ್ನು ಮಧ್ಯದ ಯಜಮಾನನಿಲ್ಲದೆ ಪ್ಯಾನೆಲ್‌ಗಳೇ ಮಾಡಬೇಕು. 8 ಪ್ಯಾನೆಲ್, ಒಂದೊಂದರಲ್ಲಿ 16 ಆಂಟೆನಾ, ಅದರಲ್ಲಿ 8ನ್ನು ಇಟ್ಟುಕೊಳ್ಳಬೇಕು. ಎದುರಿಗೆ 16 ಫೋನುಗಳು.

ಮೊದಲು ಮಧ್ಯದಲ್ಲಿ ಕೂತು ಆರಿಸುವ ವಿಧಾನವನ್ನೇ ಬರೆದೆ, ಹೋಲಿಸಲು ಒಂದು ಅಳತೆಗೋಲು ಬೇಕಲ್ಲ. ಒಂದೊಂದೇ ಆಂಟೆನಾ ಸೇರಿಸುತ್ತಾ ಹೋಗುವುದು, ಪ್ರತಿ ಸಲವೂ ಒಟ್ಟು ಸಾಮರ್ಥ್ಯವನ್ನು (ಎಲ್ಲ ಫೋನುಗಳಿಗೆ ಸೇರಿ ಸಿಗುವ ವೇಗವನ್ನು) ಹೆಚ್ಚು ಏರಿಸುವುದನ್ನು ಎತ್ತಿಕೊಳ್ಳುವುದು. ಗ್ರೀಡಿ ವಿಧಾನ. ಇದು ಎಲ್ಲರೂ ಮಾಡುವಂಥದ್ದು, ಪೈಥಾನಿನಲ್ಲಿ ಒಂದು ಪುಟವೂ ಆಗುವುದಿಲ್ಲ.

ಆಮೇಲೆ ಅತಿ ಸರಳವಾದ ವಿಕೇಂದ್ರೀಕೃತ ವಿಧಾನ. ಪ್ರತಿ ಪ್ಯಾನೆಲ್ಲೂ ಪೈಲಟ್ ಸಂಕೇತ (ಫೋನುಗಳು ಕಳಿಸುವ, ಮೊದಲೇ ಗೊತ್ತಿರುವ ಸಂಕೇತ) ಕೇಳಿ, ತನ್ನ 16ರಲ್ಲಿ ಅತಿ ಗಟ್ಟಿಯಾಗಿ ಕೇಳಿದ 8ನ್ನು ಇಟ್ಟುಕೊಳ್ಳುವುದು. ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಚಾನೆಲ್ ಎಂದರೆ ಫೋನಿನಿಂದ ಆಂಟೆನಾಕ್ಕೆ ಸಂಕೇತ ಬರುವ ದಾರಿ. ಅದರ ಏರಿಳಿತ ಎಲ್ಲ ಆಂಟೆನಾಕ್ಕೂ ಒಂದೇ ಬಗೆಯ ಯಾದೃಚ್ಛಿಕ ಎಂದುಕೊಳ್ಳುವ, ಪಠ್ಯಪುಸ್ತಕದ ರೇಲೀ ಚಾನೆಲ್ ಹಾಕಿ ಓಡಿಸಿದರೆ ಗೆರೆ ಗ್ರೀಡಿಯ ಗೆರೆಗೆ ಅಂಟಿಕೊಂಡೇ ಬಂತು. ಅಲ್ಲಿಗೆ ಕೆಲಸ ಮುಗಿದಂತೆಯೇ ಕಾಣುತ್ತಿತ್ತು. ಪ್ರಗತಿ ಪರಿಶೀಲನೆಯಲ್ಲಿ ಸರ್ ಗ್ರಾಫನ್ನು ಸ್ವಲ್ಪ ಹೊತ್ತು ನೋಡಿದರು.

"ಇದು ಸರಾಸರಿ ಏನ್ರಿ?"

"ಹೌದು ಸರ್, ಒಟ್ಟು ಸಾಮರ್ಥ್ಯದ ಸರಾಸರಿ."

"ಸರಾಸರಿ ಬ್ಯಾಡ್ರಿ. ಎಲ್ಲಾರಕಿಂತ ಕಡಿಮಿ ಸಿಕ್ಕ ಫೋನ್ ಯಾವುದೈತಿ, ಅದಕ್ಕ ಎಷ್ಟು ಸಿಕ್ತು ತೋರಸ್ರಿ. ಮತ್ತ ಈ ರೇಲೀ ಬಿಡ್ರಿ, ಖರೇ ಊರಿನಂಗ ಇರೋ ಚಾನೆಲ್ ಹಾಕ್ರಿ."

ಊರಿನಂತಿರುವ ಚಾನೆಲ್ಲಿಗಾಗಿ ಬರ್ಲಿನ್ನಿನ ಫ್ರಾನ್‌ಹೋಫರ್ ಸಂಸ್ಥೆಯವರ ಕ್ವಾಡ್ರಿಗಾ ಎಂಬ ತಂತ್ರಾಂಶ ಹಾಕಿಕೊಂಡೆ. ಆಕ್ಟೇವ್ ಎಂಬ ಉಚಿತ ಗಣಿತ ತಂತ್ರಾಂಶದಲ್ಲಿ ಓಡುತ್ತದೆ, ಆದರೆ ಆಮೆಗತಿ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಚಾನೆಲ್ ಫೈಲುಗಳು ಸಿದ್ಧವಾಗಿರುತ್ತಿದ್ದವು, ಕರೆಂಟು ಹೋಗದಿದ್ದರೆ. ಪ್ಯಾನೆಲ್‌ಗಳನ್ನು ಒಂದು ಉದ್ದನೆಯ ಕಟ್ಟಡದ ಮುಂಭಾಗದುದ್ದಕ್ಕೂ ಹರಡಿದೆ. ಫೋನುಗಳಲ್ಲಿ ಕೆಲವು ಗೋಡೆಯ ಬುಡದಲ್ಲಿ, ಕೆಲವು ದೂರದ ತಿರುವಿನಲ್ಲಿ. ಈಗ ಚಿತ್ರವೇ ಬೇರೆ. ಸರಾಸರಿ ಪರವಾಗಿಲ್ಲ, ದೂರದ ಫೋನು ಮಾತ್ರ ನೆಲಕಚ್ಚಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರೆಲ್ಲರೂ ಜೋರಾಗಿ ಕೂಗುವವನ ಎಲೆಗೇ ಸಾರು ಸುರಿದ ಹಾಗೆ. ತಮ್ಮ ಮಟ್ಟಿಗೆ ಪ್ರತಿಯೊಬ್ಬರ ತೀರ್ಮಾನವೂ ಸರಿ, ಒಟ್ಟು ಫಲ ಮಾತ್ರ ತಪ್ಪು.

ಫೋನುಗಳ ಪವರ್ ಕಂಟ್ರೋಲ್ ಇದನ್ನು ಸರಿಮಾಡುವುದಿಲ್ಲವೇ ಎಂದು ಟವರ್ ಕೆಲಸದ ಹಳೆಯ ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಹತ್ತಿರದ ಫೋನು ದನಿ ತಗ್ಗಿಸುತ್ತದೆ, ದೂರದ್ದು ಏರಿಸುತ್ತದೆ, ಒಟ್ಟಾರೆ ಸಮ ಆಗುತ್ತದೆ. ಆದರೆ ಆ ಸಮ ಎಂಟೂ ಪ್ಯಾನೆಲ್ ಕೂಡಿಸಿದಾಗಿನದು. ಮೂರನೇ ಪ್ಯಾನೆಲ್ಲಿನ ಕೆಳಗೇ ನಿಂತ ಫೋನು, ಒಟ್ಟು ದನಿ ತಗ್ಗಿಸಿದ್ದರೂ, ಮೂರನೇ ಪ್ಯಾನೆಲ್ಲಿಗೆ ಉಳಿದವರಿಗಿಂತ ಗಟ್ಟಿಯಾಗಿಯೇ ಕೇಳುತ್ತದೆ. ಪ್ಯಾನೆಲ್‌ಗಳನ್ನು ದೂರ ದೂರ ಹರಡಿದಷ್ಟೂ ಇದು ಹೆಚ್ಚು.

ಹಾಗಾದರೆ ಪ್ಯಾನೆಲ್‌ಗಳು ಮಾತಾಡಿಕೊಳ್ಳಲೇಬೇಕು. ಏನು ಮಾತಾಡಬೇಕು ಎಂಬುದೇ ಇಡೀ ಪ್ರಾಜೆಕ್ಟು ಎಂದು ನನಗೆ ಅನ್ನಿಸತೊಡಗಿದ್ದು ಆಗ. ಯಾವ ಆಂಟೆನಾ ಆರಿಸಬೇಕೆಂಬ ಗಣಿತ ಹಳೆಯದು, ಚೆನ್ನಾಗಿ ತಿಳಿದದ್ದು. ಪಕ್ಕದವರಿಗೆ ಎಷ್ಟು ಕಡಿಮೆ ಹೇಳಿ ಅದೇ ಆಯ್ಕೆಗೆ ತಲುಪಬಹುದು, ಅದು ಹೊಸದು.

ಗ್ರೀಡಿ ಲೆಕ್ಕವನ್ನು ಬಿಚ್ಚಿ ನೋಡಿದರೆ ಉತ್ತರ ಅದರೊಳಗೇ ಇತ್ತು. ಹೊಸ ಆಂಟೆನಾ ಒಂದು ಸೇರಿದಾಗ ಎಷ್ಟು ಲಾಭ ಎಂದು ತಿಳಿಯಲು, ಈಗಾಗಲೇ ಸೇರಿದ ಆಂಟೆನಾಗಳ ಬಗ್ಗೆ ಒಂದೊಂದಾಗಿ ತಿಳಿಯಬೇಕಿಲ್ಲ. 16 ಸಾಲು, 16 ಕಂಬದ ಒಂದು ಕೋಷ್ಟಕ ಸಾಕು. ಇದನ್ನು ಗ್ರಾಮ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಕರ್ಣದ ಮೇಲಿನ ಅಂಕಿಗಳು ಪ್ರತಿ ಫೋನಿಗೆ ಇದುವರೆಗೆ ಎಷ್ಟು ಶಕ್ತಿ ದಕ್ಕಿದೆ ಎಂದು ಹೇಳುತ್ತವೆ. ಕರ್ಣದ ಹೊರಗಿನವು ಯಾವ ಎರಡು ಫೋನು ಒಂದರೊಡನೊಂದು ಕಲಸಿಕೊಂಡಿವೆ ಎಂದು. ಈ ಕೋಷ್ಟಕ ಕೈಯಲ್ಲಿದ್ದರೆ ಪ್ಯಾನೆಲ್ ತನ್ನ 16 ಆಂಟೆನಾಗಳನ್ನು ತಾನೇ ತೂಗಿ ನೋಡಬಹುದು. ಜೋರು ದನಿಯ ಫೋನಿಗೆ ಈಗಾಗಲೇ ಸಾಕಷ್ಟು ದಕ್ಕಿದ್ದರೆ, ಅದನ್ನು ಇನ್ನೂ ಚೆನ್ನಾಗಿ ಕೇಳುವ ಆಂಟೆನಾಕ್ಕೆ ಬೆಲೆ ತಾನಾಗಿ ಇಳಿಯುತ್ತದೆ, ತಿರುವಿನ ಫೋನನ್ನು ಕೇಳುವುದಕ್ಕೆ ಏರುತ್ತದೆ. ಪ್ಯಾನೆಲ್ ತನ್ನ 8ನ್ನು ಆರಿಸಿ, ಅವುಗಳ ಪಾಲನ್ನು ಕೋಷ್ಟಕಕ್ಕೆ ಕೂಡಿಸಿ ಮುಂದಿನ ಪ್ಯಾನೆಲ್ಲಿಗೆ ಕಳಿಸುತ್ತದೆ. ಸರಪಳಿ. ಎರಿಕ್‌ಸನ್ ಕಂಪನಿ 2019ರಲ್ಲಿ ಬಾರ್ಸಿಲೋನಾದ ಮೇಳದಲ್ಲಿ ತೋರಿಸಿದ ರೇಡಿಯೊ ಸ್ಟ್ರೈಪ್ ನೆನಪಾಯಿತು. ಪಟ್ಟಿಯಂಥ ಒಂದೇ ಕೇಬಲ್ಲಿನೊಳಗೆ ಆಂಟೆನಾಗಳು ಒಂದರ ಹಿಂದೊಂದು. ಅಂಥ ಜೋಡಣೆಗೆ ಇದು ಹೇಳಿ ಮಾಡಿಸಿದ ವಿಧಾನ.

ಕೋಷ್ಟಕದ ಗಾತ್ರ ನೋಡಿ. ಕರ್ಣದ ಮೇಲೆ 16 ವಾಸ್ತವ ಸಂಖ್ಯೆ, ಕರ್ಣದ ಮೇಲ್ಭಾಗದಲ್ಲಿ 120 ಸಂಕೀರ್ಣ ಸಂಖ್ಯೆ; ಕೆಳಭಾಗ ಮೇಲ್ಭಾಗದ ಕನ್ನಡಿ, ಕಳಿಸಬೇಕಿಲ್ಲ. ಎಲ್ಲ ಸೇರಿ 256 ಅಂಕಿ. ಆಂಟೆನಾ 128 ಇರಲಿ, 1,000 ಇರಲಿ, ಅಷ್ಟೇ. ಇಡೀ ಚಾನೆಲ್ಲನ್ನೇ ಕಳಿಸುವುದಾದರೆ 128 ಆಂಟೆನಾ, 16 ಫೋನು, ಒಂದೊಂದಕ್ಕೂ ಎರಡು ಅಂಕಿ: 4,096. ಹದಿನಾರು ಪಟ್ಟು ಉಳಿತಾಯ ಎಂದು ಸ್ಲೈಡಿನಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಅದರ ಮುಂದಿನ ಪರಿಶೀಲನೆಗೆ ಬೇರೆ ವಿಭಾಗದ ಮೇಡಂ ಒಬ್ಬರು ಕೂತಿದ್ದರು. "ಸರಪಳಿಯೇ ಯಾಕೆ? ಎಂಟೂ ಪ್ಯಾನೆಲ್ಲಿಂದ ನೇರವಾಗಿ ಮಧ್ಯಕ್ಕೆ ಒಂದೊಂದು ತಂತಿ ಎಳೆದರೆ ಈ ಹದಿನಾರು ಪಟ್ಟು ಉಳಿಯುತ್ತಾ?" ಎಂದರು. ಅಲ್ಲೇ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಒಂದೊಂದು ತಂತಿಯ ಮೇಲೂ ಆ ಪ್ಯಾನೆಲ್ಲಿನ ಚಾನೆಲ್ ಮಾತ್ರ ಹೋಗುತ್ತದೆ: 16 ಆಂಟೆನಾ, 16 ಫೋನು, 512 ಅಂಕಿ. ಕೋಷ್ಟಕ 256. ಬರೀ ಅರ್ಧ! ಪ್ಯಾನೆಲ್ಲಿನಲ್ಲಿ 8 ಆಂಟೆನಾ ಮಾತ್ರ ಇದ್ದರೆ ಎರಡೂ ಸಮ. 4 ಇದ್ದರೆ ಕೋಷ್ಟಕವೇ ದುಬಾರಿ. ಹದಿನಾರು ಪಟ್ಟು ಎನ್ನುವುದು ಸರಪಳಿಯ ಕೊನೆಯ ತಂತಿಯ ಲೆಕ್ಕ, ಎಂಟೂ ಪ್ಯಾನೆಲ್ಲಿನ ಹೊರೆ ಅದರ ಮೇಲೆ ಬೀಳುವುದರಿಂದ. ಫೋನುಗಳ ಸಂಖ್ಯೆ ಪ್ಯಾನೆಲ್ಲಿನ ಆಂಟೆನಾಗಳ ಎರಡರಷ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ, ನೇರ ತಂತಿಯಲ್ಲೂ ಕೋಷ್ಟಕ ಕಳಿಸುವುದು ಲಾಭ. ಈ ಒಂದು ಸಾಲಿನ ನಿಯಮ ನನ್ನ ಥೀಸಿಸ್ಸಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಎಂದು ನನ್ನ ಭಾವನೆ. ತಂತಿ ಹೇಗೆ ಎಳೆದಿದ್ದೀರಿ ಎಂದು ಹೇಳದೆ ಉಳಿತಾಯದ ಪಟ್ಟು ಹೇಳುವ ಪ್ರಬಂಧ ಕಂಡರೆ ಈಗ ನಾನು ಮೊದಲು ಚಿತ್ರ ಹುಡುಕುತ್ತೇನೆ.

ಸರಪಳಿಯಲ್ಲಿ ಇನ್ನೊಂದು ಅಸಮಾನತೆ ಇದೆ. ಮೊದಲ ಪ್ಯಾನೆಲ್ಲಿಗೆ ಬರುವುದು ಖಾಲಿ ಕೋಷ್ಟಕ, ಅದು ಕುರುಡಾಗಿ ಆರಿಸುತ್ತದೆ. ಕೊನೆಯದಕ್ಕೆ ಎಲ್ಲವೂ ಗೊತ್ತು. ಇದು ಎಷ್ಟು ಕೆಡಿಸೀತು ಎಂಬ ಭಯಕ್ಕೆ ಗಣಿತದಲ್ಲೇ ಒಂದು ಸಮಾಧಾನ ಸಿಕ್ಕಿತು. ಆಂಟೆನಾ ಸೇರಿಸಿದಷ್ಟೂ ಪ್ರತಿ ಹೊಸದರ ಲಾಭ ಇಳಿಯುತ್ತಾ ಹೋಗುತ್ತದೆ; ಇಂಥವನ್ನು ಸಬ್‌ಮಾಡ್ಯುಲರ್ ಎನ್ನುತ್ತಾರೆ. ಫಿಶರ್, ನೆಮ್‌ಹೌಸರ್, ವೋಲ್ಸಿ 1978ರಲ್ಲೇ ತೋರಿಸಿದ್ದಾರೆ: ಗುಂಪುಗಳು ಒಂದಾದ ಮೇಲೊಂದು ತಮ್ಮ ಪಾಲನ್ನು ಗ್ರೀಡಿಯಾಗಿ ಆರಿಸಿದರೂ, ಯಾವ ಕ್ರಮದಲ್ಲಿ ಆರಿಸಿದರೂ, ಸಿಗುವುದು ಅತ್ಯುತ್ತಮದ ಅರ್ಧಕ್ಕಿಂತ ಕಡಿಮೆ ಆಗದು. ಅರ್ಧ ಎಂದರೆ ಕೆಟ್ಟ ಕಾಲದ ಭರವಸೆ. ನಿಜಕ್ಕೂ ಎಷ್ಟು ಎಂದು ನೋಡಲು ಪುಟ್ಟ ಉದಾಹರಣೆ ಮಾಡಿದೆ: 4 ಪ್ಯಾನೆಲ್, ಒಂದೊಂದರಲ್ಲಿ 4 ಆಂಟೆನಾ, ಎರಡೆರಡು ಆಯ್ಕೆ. ಒಟ್ಟು 1,296 ಬಗೆ, ಎಲ್ಲವನ್ನೂ ಪರೀಕ್ಷಿಸಬಹುದು. ಸರಪಳಿಯ ಉತ್ತರ ಬಹಳ ಸಲ ಅತ್ಯುತ್ತಮದ ಪಕ್ಕದಲ್ಲೇ ಇರುತ್ತಿತ್ತು.

ದೊಡ್ಡ ವ್ಯವಸ್ಥೆಯಲ್ಲಿ ಕೋಷ್ಟಕವನ್ನು ಎರಡನೇ ಸುತ್ತು ಹೊಡೆಸಿದೆ. ಎರಡನೇ ಸಲ ಬಂದಾಗ ಪ್ಯಾನೆಲ್ ತನ್ನ ಹಳೆಯ ಪಾಲನ್ನು ಕೋಷ್ಟಕದಿಂದ ಕಳೆದು, ಉಳಿದವರು ಮಾಡಿದ್ದನ್ನು ನೋಡಿ, ಹೊಸದಾಗಿ ಆರಿಸುತ್ತದೆ. ಹೊಸದು ಹಳೆಯದಕ್ಕಿಂತ ಒಳ್ಳೆಯದಲ್ಲದಿದ್ದರೆ ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಒಟ್ಟು ಫಲ ಎಂದೂ ಇಳಿಯುವುದಿಲ್ಲ. ಲೆಕ್ಕ ಉಳಿಸಲು ಕೋಷ್ಟಕದ ಬದಲು ಅದರ ವಿಲೋಮವನ್ನೇ (ಇನ್ವರ್ಸ್) ಕಳಿಸುವ ದಾರಿಯೂ ಇತ್ತು, ನಾನು ಬೇಡವೆಂದೆ. ಕೂಡಿ ಕಳೆಯುವುದು ಕೋಷ್ಟಕದಲ್ಲಿ ಸಲೀಸು, ಮತ್ತು ವಿಲೋಮವನ್ನು ಕಡಿಮೆ ಬಿಟ್ಟುಗಳಲ್ಲಿ ಮತ್ತೆ ಮತ್ತೆ ತಿದ್ದುತ್ತಾ ಹೋದರೆ ಸಣ್ಣ ಸಣ್ಣ ದೋಷ ಕೂಡಿ ಬೆಳೆಯುತ್ತದೆ. ಎರಡನೇ ಸುತ್ತಿನಲ್ಲಿ ತಿರುವಿನ ಫೋನು ಇನ್ನೂ ಸ್ವಲ್ಪ ಏರಿತು. ಮೂರನೆಯದರಲ್ಲಿ ಗೆರೆ ಅಲುಗಲಿಲ್ಲ.

ಈ ಮಧ್ಯೆ ಸರಪಳಿಯೇ ಇಲ್ಲದ ಇನ್ನೊಂದು ದಾರಿಯಲ್ಲಿ ಕೆಲವು ವಾರ ಅಲೆದೆ. 2006ರಲ್ಲಿ ಬ್ಲೆಟ್ಸಾಸ್ ಮತ್ತು ಜೊತೆಗಾರರು ರಿಲೇ (ಸಂಕೇತ ಪಡೆದು ಮುಂದಕ್ಕೆ ದಾಟಿಸುವ ನಡುವಿನ ರೇಡಿಯೊ) ಆಯ್ಕೆಗೆ ಹೇಳಿದ್ದು: ಪ್ರತಿ ರಿಲೇಯೂ ತನ್ನ ಚಾನೆಲ್ ಎಷ್ಟು ಒಳ್ಳೆಯದೋ ಅಷ್ಟು ಬೇಗ ಮುಗಿಯುವ ಟೈಮರ್ ಹಚ್ಚಿಕೊಳ್ಳುತ್ತದೆ, ಮೊದಲು ಮುಗಿದವನೇ ಗೆದ್ದವನು, ಅವನು ದನಿ ಎತ್ತಿದೊಡನೆ ಉಳಿದವರು ಸುಮ್ಮನಾಗುತ್ತಾರೆ. ಯಾರೂ ಯಾರನ್ನೂ ಆರಿಸುವುದಿಲ್ಲ, ಆಯ್ಕೆ ಆಗಿಬಿಡುತ್ತದೆ! ಇಬ್ಬರ ಟೈಮರ್ ತೀರಾ ಹತ್ತಿರ ಹತ್ತಿರ ಮುಗಿದರೆ ಡಿಕ್ಕಿ. ಇದನ್ನು ನಮ್ಮ ಬೆಂಗಳೂರಿನ ಐಐಎಸ್‌ಸಿಯ ನೀಲೇಶ್ ಮೆಹ್ತಾ ಮತ್ತು ಸಂಗಡಿಗರು 2010ರ ಪ್ರಬಂಧದಲ್ಲಿ ಆಳವಾಗಿ ನೋಡಿದ್ದಾರೆ. ಟೈಮರನ್ನು ಯಾವ ಗಳಿಗೆಯಲ್ಲಾದರೂ ಮುಗಿಯಲು ಬಿಡುವುದಕ್ಕಿಂತ, ನಿಗದಿತ ಅಂತರದ ಕೆಲವೇ ಗಳಿಗೆಗಳಲ್ಲಿ ಮುಗಿಯುವಂತೆ ಮಾಡುವುದೇ ಅತ್ಯುತ್ತಮ ಎಂಬುದು ಅವರ ಫಲಿತಾಂಶ. ಓದಿದಾಗ ನಂಬಲು ಕಷ್ಟ, ಗಣಿತದ ರುಜುವಾತು ನೋಡಿದರೆ ಸರಿ. ಪ್ಯಾನೆಲ್‌ಗಳಿಗೆ ಇದನ್ನು ಹೊಂದಿಸಿದರೆ, ಗೆದ್ದ ಪ್ಯಾನೆಲ್ ತನ್ನ ಆಂಟೆನಾದ 32 ಅಂಕಿಗಳನ್ನು ಎಲ್ಲರಿಗೂ ಕೇಳುವಂತೆ ಕಳಿಸಬೇಕು, ಎಲ್ಲರೂ ತಮ್ಮ ತಮ್ಮ ಕೋಷ್ಟಕ ತಿದ್ದಿಕೊಳ್ಳಬೇಕು. ಡಿಕ್ಕಿ ಇಲ್ಲದಿದ್ದರೆ, ಮಧ್ಯದಲ್ಲಿ ಕೂತ ಗ್ರೀಡಿ ಆರಿಸಿದ್ದನ್ನೇ ಇದೂ ಆರಿಸುತ್ತದೆ. ಆದರೆ 64 ಸುತ್ತು. ಗೋಡೆಯ ಮೇಲೆ ತಂತಿ ಇರುವಾಗ ಟೈಮರಿನ ಜೂಜು ಯಾಕೆ ಎಂದು ಸರ್ ಅಂದರು, ನನಗೂ ಹಾಗೇ ಅನ್ನಿಸಿತು. ತಂತಿಯೇ ಇಲ್ಲದೆ ಊರೆಲ್ಲ ಚದುರಿದ ಆಂಟೆನಾಗಳಿದ್ದರೆ ಮಾತು ಬೇರೆ. ಅದು ಥೀಸಿಸ್ಸಿನಲ್ಲಿ ಅನುಬಂಧವಾಗಿ ಉಳಿಯಿತು.

ಇಷ್ಟೆಲ್ಲ ಒಂದು ಸಬ್‌ಕ್ಯಾರಿಯರಿನ, ಅಂದರೆ 20 ಮೆಗಾಹರ್ಟ್ಸ್ ಅಗಲವನ್ನು ಸೀಳಿದ ಒಂದು ಸಣ್ಣ ಎಳೆಯ, ಮಾತು. ಸ್ವಿಚ್ ಒತ್ತಿದರೆ ಆಂಟೆನಾ ಇಡೀ 20 ಮೆಗಾಹರ್ಟ್ಸ್‌ಗೂ ಸೇರಿಕೊಳ್ಳುತ್ತದೆ, 1,200 ಸಬ್‌ಕ್ಯಾರಿಯರಿಗೂ ಅದೇ ಆಯ್ಕೆ. 12ಕ್ಕೊಂದರಂತೆ 100 ಕೋಷ್ಟಕ ಕಳಿಸಿದರೆ ಸಾಕು; 16 ಬಿಟ್ಟಿನ ಅಂಕಿಗಳಾದರೆ ಒಂದು ಜಿಗಿತಕ್ಕೆ 4,09,600 ಬಿಟ್. 10 ಮಿಲಿಸೆಕೆಂಡಿಗೊಮ್ಮೆ ಒಂದು ಸುತ್ತು ಕಳಿಸಿದರೂ ಸೆಕೆಂಡಿಗೆ 41 ಮೆಗಾಬಿಟ್. 126 ಗಿಗಾಬಿಟ್ಟಿನ ಪಕ್ಕದಲ್ಲಿ ಇದು ಲೆಕ್ಕಕ್ಕೇ ಇಲ್ಲ. ಅಗಲ ಹೆಚ್ಚಾದಷ್ಟೂ ಆಯ್ಕೆಯ ಲಾಭ ಕರಗುತ್ತದೆ ಎಂಬುದೂ ನಿಜ. ಒಂದು ಸಬ್‌ಕ್ಯಾರಿಯರಿನಲ್ಲಿ ಕುಗ್ಗಿದ ಆಂಟೆನಾ ಇನ್ನೊಂದರಲ್ಲಿ ಚೆನ್ನಾಗಿರುತ್ತದೆ, ಸರಾಸರಿಯಲ್ಲಿ ಎಲ್ಲ ಒಂದೇ. ರೇಲೀ ಚಾನೆಲ್ಲಿನಲ್ಲಿ ಆಯ್ಕೆ ಮಾಡುವುದೇ ದಂಡ ಎನ್ನಿಸುವಷ್ಟು. ಸ್ವೀಡನ್ನಿನ ಲುಂಡ್‌ನಲ್ಲಿ 128 ಅಂಶಗಳ ಆಂಟೆನಾ ಸಾಲಿನಿಂದ 2.6 ಗಿಗಾಹರ್ಟ್ಸ್‌ನಲ್ಲಿ ಅಳೆದು 2015ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಕೈಹಿಡಿಯಿತು. ಎಲ್ಲ ಆಂಟೆನಾಗಳೂ ಸಮವಾಗಿ ದುಡಿಯುತ್ತವೆಯೇ ಎಂಬುದೇ ಅವರ ಪ್ರಶ್ನೆ. ಇಲ್ಲ ಎಂಬುದು ಉತ್ತರ: ನಿಜವಾದ ಜಾಗದಲ್ಲಿ ಕೆಲವು ಆಂಟೆನಾಗಳು ಕೆಲವು ಫೋನುಗಳಿಗೆ ಇಡೀ ಅಗಲಕ್ಕೂ ಒಳ್ಳೆಯವು, ಕೆಲವು ಇಡೀ ಅಗಲಕ್ಕೂ ಕೆಟ್ಟವು. ಆಯ್ಕೆಯ ಲಾಭ ಬರುವುದು ಅಲ್ಲಿಂದ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬಲ್ಲಿಗೇ ಬಂದರು. "ಎಂಟು ಪ್ಯಾನೆಲ್, ಎರಡು ಸುತ್ತು. ನಿಮ್ಮ ಕೋಷ್ಟಕ ಊರು ಸುತ್ತಿ ಬರುವಷ್ಟರಲ್ಲಿ ಫೋನ್ ಎಲ್ಲಿರುತ್ತೆ?"

ಲೆಕ್ಕ ಹಾಳೆಯಲ್ಲಿತ್ತು. 200 ಮೆಗಾಹರ್ಟ್ಸ್ ಗಡಿಯಾರ, ಪ್ರತಿ ಚಕ್ರಕ್ಕೆ 256 ಸಂಕೀರ್ಣ ಗುಣಾಕಾರ ಮಾಡುವ ಚಿಪ್ ಎಂದಿಟ್ಟುಕೊಂಡರೆ ಒಂದು ಪ್ಯಾನೆಲ್ಲಿನ ಆಯ್ಕೆಗೆ ಸುಮಾರು 50 ಮೈಕ್ರೊಸೆಕೆಂಡು. 10 ಗಿಗಾಬಿಟ್ ತಂತಿಯಲ್ಲಿ ಒಂದು ಜಿಗಿತಕ್ಕೆ ಸುಮಾರು 41. ಹದಿನಾರು ಜಿಗಿತ ಸೇರಿ ಹತ್ತಿರ ಹತ್ತಿರ 1.5 ಮಿಲಿಸೆಕೆಂಡು. ನಡೆಯುವವನ ಜೇಬಿನ ಫೋನು ಅಷ್ಟರಲ್ಲಿ 2 ಮಿಲಿಮೀಟರ್ ಸರಿದಿರುತ್ತದೆ, ಚಿಂತೆಯಿಲ್ಲ. 60 ಕಿಲೋಮೀಟರ್ ವೇಗದ ಕಾರಿನಲ್ಲಿದ್ದರೆ 2.5 ಸೆಂಟಿಮೀಟರ್. 2.6 ಗಿಗಾಹರ್ಟ್ಸ್ ಅಲೆಯ ಉದ್ದವೇ 11.5 ಸೆಂಟಿಮೀಟರ್, ಅಂದರೆ ಚಾನೆಲ್ಲಿನ ಸಣ್ಣ ಏರಿಳಿತ ಅಷ್ಟರಲ್ಲಿ ಬದಲಾಗತೊಡಗಿರುತ್ತದೆ. "ಆದರೆ ಸರ್, ಆ ಸಣ್ಣ ಏರಿಳಿತವನ್ನು ಹಿಂಬಾಲಿಸುವ ಅಗತ್ಯವೇ ಇಲ್ಲ. 100 ಕೋಷ್ಟಕಗಳ ಸರಾಸರಿಯಲ್ಲಿ ಅದು ಮೊದಲೇ ಅಳಿಸಿಹೋಗಿರುತ್ತದೆ. ಉಳಿಯುವುದು ಯಾವ ಆಂಟೆನಾಕ್ಕೆ ಯಾವ ಫೋನು ಮರೆಯಿಲ್ಲದೆ ಕಾಣುತ್ತದೆ ಎಂಬುದು. ಅದು ಬದಲಾಗಲು ಫೋನು ಮೀಟರುಗಟ್ಟಲೆ ಓಡಾಡಬೇಕು" ಎಂದೆ. ಅವರು ತಲೆಯಾಡಿಸಿದರು. ಹಾಗಾದರೆ 10 ಮಿಲಿಸೆಕೆಂಡಿಗೊಮ್ಮೆ ಯಾಕೆ ಎಂದು ಕೇಳಿ, ಅದನ್ನು 100 ಮಾಡಿ ಓಡಿಸಿ ಫಲಿತಾಂಶ ಸೇರಿಸಲು ಹೇಳಿದರು.

ಆಮೇಲೆ ಇನ್ನೊಂದು. "ಐದನೇ ಪ್ಯಾನೆಲ್ ಸತ್ತರೆ?"

ಟವರ್ ಕೆಲಸ ಮಾಡಿದವರಿಗೆ ಇದು ಗ್ರಂಥದ ಪ್ರಶ್ನೆಯಲ್ಲ. ಸಿಡಿಲಿಗೆ, ಇಲಿಗೆ, ನೀರು ಇಳಿದ ಕನೆಕ್ಟರಿಗೆ ಒಂದಲ್ಲ ಒಂದು ದಿನ ಯಾವುದೋ ಪೆಟ್ಟಿಗೆ ಸಾಯುತ್ತದೆ. ಆಯ್ಕೆಯ ಮಟ್ಟಿಗೆ ಉತ್ತರ ಸುಲಭ: ಆರನೆಯದಕ್ಕೆ ಕೋಷ್ಟಕ ಬರದಿದ್ದರೆ ಅದು ಖಾಲಿ ಕೋಷ್ಟಕದಿಂದ ಶುರುಮಾಡುತ್ತದೆ, ಒಂದು ಸರಪಳಿ ಎರಡು ತುಂಡಾಗುತ್ತದೆ, ನಷ್ಟ ತೀರಾ ದೊಡ್ಡದಲ್ಲ. ಆದರೆ ಕೋಷ್ಟಕದ ಜೊತೆಗೆ ಫೋನುಗಳ ಮಾತೂ ಅದೇ ತಂತಿಯಲ್ಲಿ ಹೋಗಬೇಕಲ್ಲ. ಒಂದು ತುಂಡು ಬೇಸ್‌ಬ್ಯಾಂಡಿನಿಂದ (ಆ ಮಾತನ್ನೆಲ್ಲ ಬಿಡಿಸುವ ಕಂಪ್ಯೂಟರಿನಿಂದ) ಕಡಿದು ಬಿದ್ದ ಮೇಲೆ ಅದರ ಆಯ್ಕೆ ಎಷ್ಟು ಚೆನ್ನಾಗಿದ್ದು ಏನು ಬಂತು? ತಿದ್ದಿದ ಥೀಸಿಸ್ಸಿನ ಕೊನೆಯ ಅಧ್ಯಾಯದಲ್ಲಿ ಎಂಟನೇ ಪ್ಯಾನೆಲ್ಲಿನಿಂದ ಒಂದನೆಯದಕ್ಕೆ ಇನ್ನೊಂದು ತಂತಿ ಎಳೆದು ಸರಪಳಿಯನ್ನು ಉಂಗುರ ಮಾಡಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ದಾರಿ. ಖರ್ಚು ಹೆಚ್ಚಾಯಿತಲ್ಲ ಎಂದು ಯಾರೂ ಕೇಳಲಿಲ್ಲ. ಎರಡನೇ ಸುತ್ತಿಗೆ ಆ ತಂತಿ ಹೇಗೂ ಬೇಕಿತ್ತು.